ಸೂರ್ಯಕಾಂತಿ ಸ್ಯಾಂಪಲ್: ಧೂಳನ್ನೂ ಬಿಡಬೇಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಎಣ್ಣೆಕಾಳುಗಳ ಗ್ರೇಡಿಂಗ್, ಅಂದರೆ ಗುಣ ನೋಡಿ ದರ್ಜೆ ಕೊಡುವ ಕೆಲಸದ ಬಗ್ಗೆ ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸೂರ್ಯಕಾಂತಿಯ ಬಗ್ಗೆಯೇ. ಬೆಳೆಯುವವರು, ಕೊಳ್ಳುವವರು, ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರು ಎಲ್ಲರೂ ಬರೆದಿದ್ದಾರೆ. ನನ್ನ ವೃತ್ತಿಯೆಲ್ಲ ತಕ್ಕಡಿ, ಜರಡಿ, ಚಿಮುಟಗಳ ನಡುವೆಯೇ ಕಳೆದಿದೆ. ಹಾಗಾಗಿ ಈ ಪತ್ರಗಳು ನನಗೆ ತುಂಬಾ ಖುಷಿ ಕೊಟ್ಟವು. ಪ್ರಶ್ನೆಗಳು ಬೇರೆ ಬೇರೆ ಇರಬಹುದು, ನಾನು ಹೇಳುವುದು ಮಾತ್ರ ಒಂದೇ. ಸ್ಯಾಂಪಲ್ ಚೆನ್ನಾಗಿ ಕಾಣಬೇಕಾಗಿಲ್ಲ. ರಾಶಿ ಹೇಗಿದೆಯೋ ಸ್ಯಾಂಪಲ್ಲೂ ಹಾಗೇ ಇರಬೇಕು.

ಪ್ರಶ್ನೆ: ಮೇಡಂ, ನಮ್ಮ ಹತ್ತಿರ 40 ಚೀಲ ಸೂರ್ಯಕಾಂತಿ ಇದೆ. ಮೇಲಿನ ಎರಡು ಚೀಲಗಳ ಬಾಯಿ ಬಿಚ್ಚಿ, ಕೈ ಹಾಕಿ ಒಂದೊಂದು ಬೊಗಸೆ ತೆಗೆದು ಕಳಿಸಿದರೆ ಸಾಕಾ? ಎಲ್ಲ ಒಂದೇ ಹೊಲದ ಕಾಳು.

ಉತ್ತರ: ಸಾಲದು. ಹೊಲ ಒಂದೇ ಆಗಿರಬಹುದು, ಆದರೆ ಚೀಲಗಳು ಒಂದೇ ಥರ ಇರುವುದಿಲ್ಲ. ಸೂರ್ಯಕಾಂತಿ ಕಾಳು ಹಗುರ, ಉದ್ದ, ಮೈ ನುಣುಪು. ಸುರಿಯುವಾಗಲೇ ಅದು ತನ್ನಷ್ಟಕ್ಕೆ ಬೇರೆ ಬೇರೆಯಾಗುತ್ತದೆ. ಧೂಳು, ಮಣ್ಣು, ಸಣ್ಣ ಚೂರುಗಳು ಸುರಿದ ಜಾಗದ ನೇರ ಕೆಳಗೆ, ರಾಶಿಯ ನಡುವೆ ಕೂರುತ್ತವೆ. ದಪ್ಪ ಕಾಳು ಅಂಚಿಗೆ ಉರುಳುತ್ತದೆ. ಖಾಲಿ ಸಿಪ್ಪೆ, ಹೂವಿನ ಒಣ ಎಸಳು ಗಾಳಿಗೆ ತೇಲಿ ಇನ್ನೆಲ್ಲೋ ಬೀಳುತ್ತವೆ. ಆ ರಾಶಿಯ ನಡುವಿನಿಂದ ತುಂಬಿದ ಚೀಲಕ್ಕೂ ಅಂಚಿನಿಂದ ತುಂಬಿದ ಚೀಲಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಅದೇ ಚೀಲವನ್ನು ಗಾಡಿಯಲ್ಲಿ ಸಾಗಿಸಿದರೆ ಅಲುಗಾಟಕ್ಕೆ ಸಣ್ಣ ಕಸ ತಳಕ್ಕೆ ಇಳಿಯುತ್ತದೆ. ಬಾಯಿ ಹತ್ತಿರ ಸಿಗುವುದು ಚೀಲದ ಅತಿ ಅಂದದ ಕಾಳು.

ಬೊಗಸೆಯ ಇನ್ನೊಂದು ತೊಂದರೆ ಎಂದರೆ ಬೆರಳುಗಳ ಸಂದಿಯಿಂದ ಧೂಳು ಸೋರಿಹೋಗುತ್ತದೆ, ಕಾಳು ಉಳಿಯುತ್ತದೆ. ನಿಮಗೇ ಗೊತ್ತಿಲ್ಲದೆ ಕೈ ಜರಡಿಯ ಕೆಲಸ ಮಾಡಿಬಿಡುತ್ತದೆ.

ಕೈ ಬದಲು ಚೀಲಕ್ಕೆ ಚುಚ್ಚಿ ಕಾಳು ತೆಗೆಯುವ ಕೊಳವೆ ಬಳಸಿ. ಎಷ್ಟು ಕಡೆ ಚುಚ್ಚಬೇಕು ಅನ್ನುವುದಕ್ಕೆ ಅಂತರರಾಷ್ಟ್ರೀಯ ಬೀಜ ಪರೀಕ್ಷಾ ಸಂಘದ, ಅಂದರೆ ಇಸ್ಟಾದ, ನಿಯಮ ಒಳ್ಳೆಯ ದಾರಿ ತೋರಿಸುತ್ತದೆ. ಅದು ಬಿತ್ತನೆ ಬೀಜಕ್ಕೆ ಬರೆದ ನಿಯಮ. ಆದರೂ ಮಾರಾಟದ ಒಪ್ಪಂದದಲ್ಲಿ ಬೇರೆ ಲೆಕ್ಕ ಹೇಳಿರದಿದ್ದರೆ ನಾನು ಅದನ್ನೇ ಹೇಳುತ್ತೇನೆ. 15 ರಿಂದ 100 ಕಿಲೋ ಹಿಡಿಯುವ ಚೀಲಗಳಾದರೆ, 4 ಚೀಲದವರೆಗೆ ಪ್ರತಿ ಚೀಲದಿಂದ 3 ಸಲ ತೆಗೆಯಬೇಕು. 5 ರಿಂದ 8 ಚೀಲ ಇದ್ದರೆ ಪ್ರತಿಯೊಂದರಿಂದ 2 ಸಲ. 9 ರಿಂದ 15 ಇದ್ದರೆ ಒಂದೊಂದು ಸಲ. 16 ರಿಂದ 30 ಇದ್ದರೆ ಒಟ್ಟು 15, 31 ರಿಂದ 59 ಇದ್ದರೆ ಒಟ್ಟು 20, ಅದಕ್ಕಿಂತ ಜಾಸ್ತಿ ಇದ್ದರೆ ಒಟ್ಟು 30. ನಿಮ್ಮ 40 ಚೀಲಕ್ಕೆ 20 ಸಲ. ಯಾವ ಚೀಲ ಅನ್ನುವುದನ್ನು ಕೈಗೆ ಸುಲಭವಾಗಿ ಸಿಗುವುದರ ಮೇಲೆ ಬಿಡಬೇಡಿ. ಒಂದು ಬಿಟ್ಟು ಒಂದು ಚೀಲ ಎಂದು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಚುಚ್ಚುವ ಜಾಗವನ್ನೂ ಬದಲಿಸುತ್ತಾ ಹೋಗಿ: ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ನಡುವೆ, ಮತ್ತೊಂದರಲ್ಲಿ ತಳದ ಹತ್ತಿರ.

ಚುಚ್ಚುವ ಕೊಳವೆಯ ಬಗ್ಗೆಯೂ ಹೇಳಬೇಕು. ಸಣ್ಣ ಕಾಳಿಗೆಂದು ಮಾಡಿದ ಸಪೂರ ಕೊಳವೆಯಲ್ಲಿ ಸೂರ್ಯಕಾಂತಿ ಅಡ್ಡ ಸಿಕ್ಕಿಕೊಳ್ಳುತ್ತದೆ. ಆಗ ದಪ್ಪ ಕಾಳು ಹೊರಗೇ ಉಳಿಯುತ್ತದೆ, ಸಣ್ಣದು, ಮುರಿದದ್ದು ಮಾತ್ರ ಒಳಗೆ ಬರುತ್ತದೆ. ಬಾಯಿ ಅಗಲವಿರುವ ಕೊಳವೆಯನ್ನೇ ಬಳಸಿ. ಒಂದೇ ಬಾಯಿಯ ಕೊಳವೆಯಾದರೆ ಬಾಯಿ ಕೆಳಮುಖ ಮಾಡಿ, ತುದಿ ಸ್ವಲ್ಪ ಮೇಲಕ್ಕಿರುವಂತೆ ಓರೆಯಾಗಿ ಚುಚ್ಚಿ. ಚೀಲದ ನಡುವಿಗೆ ತಲುಪಿದ ಮೇಲೆ ಅರ್ಧ ಸುತ್ತು ತಿರುಗಿಸಿ, ಬಾಯಿ ಮೇಲಕ್ಕೆ ಬರಲಿ. ಆಮೇಲೆ ವೇಗ ಕಡಿಮೆ ಮಾಡುತ್ತಾ ಹೊರಗೆಳೆಯಿರಿ. ಎರಡು ಪದರದ ಉದ್ದ ಕೊಳವೆಯಾದರೆ ಮುಚ್ಚಿಕೊಂಡೇ ಒಳಗೆ ಹಾಕಿ, ತೆರೆದು ಸ್ವಲ್ಪ ಅಲುಗಾಡಿಸಿ, ಮತ್ತೆ ಮುಚ್ಚಿ. ಮುಚ್ಚುವಾಗ ಬಲ ಹಾಕಬೇಡಿ. ನಡುವೆ ಸಿಕ್ಕ ಕಾಳಿನ ಸಿಪ್ಪೆ ಒಡೆದು ತಿರುಳು ಹೊರಬರುತ್ತದೆ. ತಟ್ಟೆಗೆ ಬಂದಾಗ ಅದು 'ಸಿಪ್ಪೆ ಬಿಟ್ಟ ಕಾಳು' ಎಂಬ ಲೆಕ್ಕಕ್ಕೆ ಸೇರುತ್ತದೆ. ರಾಶಿಯಲ್ಲಿ ಇಲ್ಲದ ದೋಷವನ್ನು ನೀವೇ ಸೃಷ್ಟಿಸಿದ ಹಾಗಾಗುತ್ತದೆ, ಅಲ್ವಾ?

ಪ್ರಶ್ನೆ: ಎಲ್ಲ ಸೇರಿಸಿದಾಗ 4 ಕಿಲೋ ಆಯಿತು. ಪ್ರಯೋಗಾಲಯದವರು 1 ಕಿಲೋ ಸಾಕು ಅನ್ನುತ್ತಾರೆ. ಚೆನ್ನಾಗಿ ಕಲಸಿ, ಮೇಲಿನಿಂದ 1 ಕಿಲೋ ತೂಗಿ ಹಾಕಿದರೆ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಕಲಸುವ ಕೆಲಸ ಮುಗಿದ ಕ್ಷಣದಿಂದಲೇ ಅದು ಮತ್ತೆ ಬೇರೆಯಾಗಲು ಶುರು ಮಾಡುತ್ತದೆ. ಬಕೆಟ್ ಕುಲುಕಿದರೆ ಕಸ ತಳಕ್ಕೆ, ದಪ್ಪ ಕಾಳು ಮೇಲಕ್ಕೆ. ಮೇಲಿನ 1 ಕಿಲೋ ಎಂದರೆ ಮತ್ತೆ ಅದೇ ಅಂದದ ಕಾಳು.

ಕಾಳು ಭಾಗಿಸುವ ಯಂತ್ರ ಇದ್ದರೆ ಬಲು ಸುಲಭ. 4 ಕಿಲೋ ಸುರಿದರೆ ಎರಡೂ ಕಡೆ 2 ಕಿಲೋದಂತೆ ಬರುತ್ತದೆ. ಒಂದು ಭಾಗವನ್ನು ಮತ್ತೆ ಸುರಿದರೆ 1 ಕಿಲೋ. ಸುರಿಯುವ ಮೊದಲು ಯಂತ್ರದ ಸಂದಿಗಳಲ್ಲಿ ಹಿಂದಿನ ಕಾಳು ಸಿಕ್ಕಿಕೊಂಡಿದೆಯೇ ನೋಡಿ. ಸೂರ್ಯಕಾಂತಿ ಅಲ್ಲಿ ಅಡ್ಡ ನಿಲ್ಲುವುದು ತುಂಬಾ ಸಾಮಾನ್ಯ. ಉದ್ದ ಕಡ್ಡಿ, ಹೂವಿನ ತಲೆಯ ದೊಡ್ಡ ಚೂರು ಇದ್ದರೆ ಅವನ್ನು ಮೊದಲೇ ತೆಗೆದು, ತೂಗಿ, ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಯಂತ್ರದ ಬಾಯಿ ಕಟ್ಟುತ್ತದೆ, ಒಂದು ಕಡೆಗೇ ಜಾಸ್ತಿ ಕಾಳು ಬೀಳುತ್ತದೆ.

ಯಂತ್ರ ಇಲ್ಲದಿದ್ದರೆ ನಾಲ್ಕು ಭಾಗ ಮಾಡುವ ಹಳೆಯ ವಿಧಾನ. ಗಾಳಿ ಬೀಸದ ಜಾಗದಲ್ಲಿ, ನುಣುಪಾದ ದಪ್ಪ ಕಾಗದದ ಮೇಲೆ ಕಾಳನ್ನು ಗೋಪುರದಂತೆ ಸುರಿಯಿರಿ. ಸುತ್ತಲಿಂದ ಸಲಿಕೆಯಲ್ಲಿ ಎತ್ತಿ ತುದಿಯ ಮೇಲೆ ಹಾಕುತ್ತಾ ಹೊಸ ಗೋಪುರ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಅಂಗೈಯಿಂದ ನೆತ್ತಿ ಒತ್ತಿ ದುಂಡಗೆ ಚಪ್ಪಟೆ ಮಾಡಿ. ನೇರವಾದ ಪಟ್ಟಿಯಿಂದ ಕೂಡಿಸುವ ಚಿಹ್ನೆಯ ಹಾಗೆ ನಾಲ್ಕು ಭಾಗ ಮಾಡಿ. ಎದುರುಬದುರಾದ ಎರಡು ಭಾಗ ತೆಗೆದುಬಿಡಿ, ಉಳಿದೆರಡನ್ನು ಸೇರಿಸಿ. ಮತ್ತೆ ಮೊದಲಿನಿಂದ. 4 ಕಿಲೋ 2 ಆಗುತ್ತದೆ, 2 ಕಿಲೋ 1 ಆಗುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಬ್ರಷ್ ಹಿಡಿಯುವಾಗ. ತೆಗೆದ ಭಾಗದ ಕೆಳಗಿದ್ದ ಧೂಳನ್ನೂ ಅದರ ಜೊತೆಗೇ ಗುಡಿಸಿ ತೆಗೆಯಬೇಕು. ಉಳಿಸಿದ ಭಾಗದ ಕೆಳಗಿದ್ದ ಧೂಳನ್ನು ಉಳಿದ ಭಾಗಕ್ಕೇ ಸೇರಿಸಬೇಕು. ಕಾಗದದ ಮೇಲೆ ಅದು ಬೂದಿಯ ತೆಳು ಪದರದಂತೆ ಕಾಣುತ್ತದೆ, 'ಇದೇನು ಮಹಾ' ಅನಿಸುತ್ತದೆ. ಗ್ರೇಡ್ ತೀರ್ಮಾನ ಆಗುವುದು ಎಷ್ಟೋ ಸಲ ಆ ಪದರದಲ್ಲೇ.

ಕೊನೆಗೆ ತೂಕ 1,040 ಗ್ರಾಂ ಬಂದರೆ ಬರಲಿ. ಸರಿಯಾಗಿ 1,000 ಮಾಡಲು ಒಂದು ಹಿಡಿ ತೆಗೆದು ಆಚೆ ಹಾಕಬೇಡಿ. ಬಂದಷ್ಟನ್ನೇ ತೂಗಿ, ಆ ತೂಕದ ಮೇಲೆಯೇ ಶೇಕಡಾ ಲೆಕ್ಕ ಹಾಕಿದರಾಯಿತು.

ಪ್ರಶ್ನೆ: ಸ್ಯಾಂಪಲ್ ಕಳಿಸುವ ಮೊದಲು ಸ್ವಲ್ಪ ಕೇರಿ, ಕಲ್ಲು ಕಡ್ಡಿ ಆರಿಸಿ ಕಳಿಸುತ್ತೇವೆ. ಹಾಗೇ ಕಳಿಸಲು ಸಂಕೋಚ. ಇದರಲ್ಲಿ ತಪ್ಪೇನು?

ಉತ್ತರ: ನಿಮ್ಮ ಸಂಕೋಚ ಅರ್ಥವಾಗುತ್ತದೆ. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ರಾಶಿಯನ್ನೇ ಕೇರಿ ಶುಚಿ ಮಾಡಿದ್ದರೆ ಸಂತೋಷ, ಶುಚಿಯಾದ ರಾಶಿಯಿಂದ ಸ್ಯಾಂಪಲ್ ತೆಗೆಯಿರಿ. ಸ್ಯಾಂಪಲ್ ಒಂದನ್ನೇ ಕೇರಿದರೆ ನೀವು ಕಳಿಸಿದ್ದು ಬೇರೆ ಯಾವುದೋ ರಾಶಿಯದ್ದು ಅಂದಂತೆ.

ಒಂದು ಲೆಕ್ಕ ನೋಡಿ. 600 ಗ್ರಾಂ ಸ್ಯಾಂಪಲ್‌ನಲ್ಲಿ 18 ಗ್ರಾಂ ಕಸ ಇದೆ ಅಂದುಕೊಳ್ಳಿ. ಅದು ಶೇ. 3. ಸುಮ್ನೆ ತೂರಿದಾಗ, ಚೀಲದಿಂದ ಚೀಲಕ್ಕೆ ಸುರಿದಾಗ 5 ಗ್ರಾಂ ಧೂಳು ಹಾರಿಹೋಯಿತು. ಈಗ 595 ಗ್ರಾಂನಲ್ಲಿ 13 ಗ್ರಾಂ ಕಸ, ಶೇ. 2.2 ಕೂಡ ಇಲ್ಲ. 5 ಗ್ರಾಂ ಅಂದರೆ ಎರಡು ಚಿಟಿಕೆ. ಮುಂದೆ ಕೊಳ್ಳುವವರು ಪೂರ್ತಿ ಮಾಲಿನಿಂದ ತಾವೇ ಸ್ಯಾಂಪಲ್ ತೆಗೆದಾಗ ಶೇ. 3 ಬರುತ್ತದೆ, ಜಗಳ ಶುರುವಾಗುತ್ತದೆ. ಆ ಜಗಳದಲ್ಲಿ ಪ್ರಾಮಾಣಿಕರಾದ ಬೆಳೆಗಾರರು ಸುಳ್ಳುಗಾರರ ಹಾಗೆ ನಿಲ್ಲಬೇಕಾಗಿ ಬರುವುದು ನನಗೆ ತುಂಬಾ ನೋವಿನ ವಿಷಯ. ಅವರು ಮೋಸ ಮಾಡಿರುವುದಿಲ್ಲ, ಅಂದ ಮಾಡಲು ಹೋಗಿರುತ್ತಾರೆ ಅಷ್ಟೇ.

ಇದೇ ಮಾತು ಪ್ರಯೋಗಾಲಯದವರಿಗೂ ಅನ್ವಯಿಸುತ್ತದೆ. ಸ್ಯಾಂಪಲ್ ಚೀಲ ಬಿಚ್ಚಿದ ಕೂಡಲೇ ಒಳಮೈ ತಿರುವಿ, ಮೂಲೆ ಮೂಲೆ ತಟ್ಟಿ, ಅಂಟಿದ ಧೂಳನ್ನು ತಟ್ಟೆಗೆ ಸೇರಿಸಿ. ಪ್ಲಾಸ್ಟಿಕ್ ಚೀಲಕ್ಕೆ ಧೂಳು ವಿಪರೀತ ಅಂಟುತ್ತದೆ. ಫ್ಯಾನ್ ಆರಿಸಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಫ್ಯಾನಿನ ಕೆಳಗೆ ಜರಡಿ ಹಿಡಿಯುವವರನ್ನು ಈಗಲೂ ನೋಡುತ್ತೇನೆ.

ಪ್ರಶ್ನೆ: ಡ್ರೈಯರ್‌ನಿಂದ ತೆಗೆದ ಕಾಳನ್ನು ಮೀಟರ್‌ನಲ್ಲಿ ನೋಡಿದಾಗ ತೇವಾಂಶ ಶೇ. 8.5 ಇತ್ತು. ಮರುದಿನ ಅದೇ ಕಾಳು ಶೇ. 10 ತೋರಿಸಿತು. ಮಳೆ ಇಲ್ಲ, ನೀರು ಬಿದ್ದಿಲ್ಲ. ಮೀಟರ್ ಕೆಟ್ಟಿದೆಯೇ?

ಉತ್ತರ: ಮೀಟರ್ ಕೆಟ್ಟಿರಲಿಕ್ಕಿಲ್ಲ. ಸೂರ್ಯಕಾಂತಿಯ ಸ್ವಭಾವವೇ ಹಾಗೆ. ಒಂದು ಕಾಳನ್ನು ಉಗುರಿನಿಂದ ಬಿಡಿಸಿ ನೋಡಿ. ಹೊರಗೆ ಮರದಂಥ ಸಿಪ್ಪೆ, ಒಳಗೆ ಎಣ್ಣೆ ತುಂಬಿದ ತಿರುಳು, ಎರಡರ ನಡುವೆ ಸ್ವಲ್ಪ ಖಾಲಿ ಜಾಗ. ಬಿಸಿ ಗಾಳಿ ತಾಗಿದಾಗ ಸಿಪ್ಪೆ ಬೇಗ ಒಣಗುತ್ತದೆ, ತಿರುಳು ಹಿಂದೆ ಬೀಳುತ್ತದೆ. ಡ್ರೈಯರ್‌ನಿಂದ ಈಗಷ್ಟೇ ಬಂದ ಕಾಳಿನ ಸಿಪ್ಪೆ ಗರಿಗರಿ, ತಿರುಳು ಇನ್ನೂ ಹಸಿ. ಮೀಟರ್ ಮೇಲೆ ಸಿಪ್ಪೆಯ ಪ್ರಭಾವ ಜಾಸ್ತಿ, ಹಾಗಾಗಿ ಕಡಿಮೆ ತೋರಿಸಿತು. ರಾತ್ರಿಯಿಡೀ ತಿರುಳಿನ ನೀರು ಸಿಪ್ಪೆಗೆ ಬಂದು ಎರಡೂ ಸಮವಾದವು. ಮರುದಿನ ಕಂಡದ್ದೇ ನಿಜಕ್ಕೆ ಹತ್ತಿರ.

ಮಳೆಗೆ ನೆನೆದ ಕಾಳಿನಲ್ಲಿ ಇದು ತಿರುಗಾಮುರುಗಾ ಆಗುತ್ತದೆ. ಸಿಪ್ಪೆ ನೀರು ಕುಡಿದಿರುತ್ತದೆ, ತಿರುಳು ಒಣಗಿಯೇ ಇರುತ್ತದೆ, ಮೀಟರ್ ಜಾಸ್ತಿ ತೋರಿಸುತ್ತದೆ.

ಹಾಗಾಗಿ ಡ್ರೈಯರ್‌ನಿಂದ ತೆಗೆದ ಸ್ಯಾಂಪಲ್ ಅನ್ನು ಗಾಳಿಯಾಡದ ಡಬ್ಬಿಯಲ್ಲಿ, ಅಂಚಿನವರೆಗೆ ತುಂಬಿ, ಮುಚ್ಚಿ ಒಂದು ರಾತ್ರಿ ಇಡಿ. ಮರುದಿನ ಕೋಣೆಯ ಬಿಸಿಗೆ ಬಂದ ಮೇಲೆ ಮೀಟರ್‌ಗೆ ಹಾಕಿ. ಬಿಸಿ ಕಾಳನ್ನೋ ತಣ್ಣಗಿನ ಕೋಣೆಯಿಂದ ತಂದ ಕಾಳನ್ನೋ ನೇರವಾಗಿ ಹಾಕಬಾರದು. ಮೀಟರ್‌ನಲ್ಲಿ ಸೂರ್ಯಕಾಂತಿಯ ಅಳತೆಪಟ್ಟಿಯೇ ಇದೆಯೇ ನೋಡಿ. ಅದರಲ್ಲೂ ಎಣ್ಣೆಗೆ ಬಳಸುವ ಸಣ್ಣ ಕಪ್ಪು ಕಾಳು ಬೇರೆ, ತಿನ್ನಲು ಬಳಸುವ ದಪ್ಪ ಪಟ್ಟೆ ಕಾಳು ಬೇರೆ. ಪಟ್ಟೆ ಕಾಳಿನ ಸಿಪ್ಪೆ ದಪ್ಪ, ಒಳಗಿನ ಖಾಲಿ ಜಾಗವೂ ಜಾಸ್ತಿ. ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ.

ತಕರಾರು ಬಂದಾಗ ಮೀಟರ್ ಮಾತು ನಡೆಯುವುದಿಲ್ಲ, ಓವನ್ನೇ ಕೊನೆಯ ಮಾತು. ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ, ಅಂದರೆ ಐಎಸ್‌ಒದ, 665ನೇ ಮಾನದಂಡದ ಪ್ರಕಾರ ಓವನ್ 103 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಮೊದಲು 3 ಗಂಟೆ ಇಟ್ಟು ತೂಗಿ, ಮತ್ತೆ ಇಟ್ಟು ತೂಗಿ, ತೂಕ ಇಳಿಯುವುದು ನಿಲ್ಲುವವರೆಗೆ ಮುಂದುವರಿಸಬೇಕು. ಈ ವಿಧಾನದಲ್ಲಿ ಸೂರ್ಯಕಾಂತಿಯನ್ನು ಪುಡಿ ಮಾಡುವುದಿಲ್ಲ, ಇಡೀ ಕಾಳನ್ನೇ ಒಣಗಿಸುತ್ತಾರೆ. ಓವನ್‌ನಿಂದ ತೆಗೆದ ತಟ್ಟೆಯನ್ನು ಮುಚ್ಚಿ, ತೇವ ಹೀರುವ ಹರಳು ಇರುವ ಗಾಜಿನ ಪಾತ್ರೆಯಲ್ಲಿ ಆರಿಸಿ ತೂಗಿ. ಮೇಜಿನ ಮೇಲೆ ಬಿಟ್ಟರೆ ಒಣ ಸಿಪ್ಪೆ ಗಾಳಿಯ ತೇವ ಹೀರಲು ತಡ ಮಾಡುವುದಿಲ್ಲ.

ಕಾಳನ್ನು ಹಲ್ಲಿನಲ್ಲಿ ಕಚ್ಚಿ, ಅಂಗೈಯಲ್ಲಿ ಉಜ್ಜಿ ತೇವ ಹೇಳುವವರ ಅನುಭವಕ್ಕೆ ನನ್ನ ಗೌರವ ಇದೆ. ಆದರೆ ಅವರು ಹೇಳುವುದು ಬಹುಮಟ್ಟಿಗೆ ಸಿಪ್ಪೆಯ ಸುದ್ದಿ. ತಿರುಳಿನ ಸುದ್ದಿಗೆ ಓವನ್ ಬೇಕು.

ಪ್ರಶ್ನೆ: ಸ್ಯಾಂಪಲ್ ಪ್ಲಾಸ್ಟಿಕ್ ಚೀಲದಲ್ಲಿ ಕಳಿಸಬೇಕೋ, ಬಟ್ಟೆ ಚೀಲದಲ್ಲೋ?

ಉತ್ತರ: ಎರಡರಲ್ಲೂ. ತೇವಾಂಶ ನೋಡಲು ಬೇಕಾದಷ್ಟನ್ನು ಪ್ರತ್ಯೇಕವಾಗಿ, ತೆಗೆದ ಕೂಡಲೇ, ಗಾಳಿಯಾಡದ ಡಬ್ಬಿಯಲ್ಲೋ ದಪ್ಪ ಪ್ಲಾಸ್ಟಿಕ್ ಚೀಲದಲ್ಲೋ ತುಂಬಿ. ಒಳಗೆ ಗಾಳಿ ಕಡಿಮೆ ಉಳಿಯಲಿ. ಉಳಿದ ಪರೀಕ್ಷೆಗಳಿಗೆ ಬೇಕಾದದ್ದನ್ನು ಒತ್ತಾಗಿ ನೇಯ್ದ ಬಟ್ಟೆ ಚೀಲದಲ್ಲಿ ಹಾಕಿ. ಸಡಿಲ ನೇಯ್ಗೆಯ ಚೀಲದಿಂದ ಧೂಳು ಸೋರುತ್ತದೆ.

ಹಸಿ ಕಾಳನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಬಿಸಿಲಿಗೋ ಗಾಡಿಯ ಡಿಕ್ಕಿಗೋ ಹಾಕಿದರೆ ಒಳಗೆ ಬೆವರುತ್ತದೆ. ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರುತ್ತದೆ, ಎಣ್ಣೆಯ ಆಮ್ಲತೆ ಏರುತ್ತದೆ. ರಾಶಿ ಚೆನ್ನಾಗಿದ್ದರೂ ಸ್ಯಾಂಪಲ್ ಹಾಳಾಗಿ ತಲುಪುತ್ತದೆ. ಇನ್ನೊಂದು ಮಾತು, ಸೀಮೆಎಣ್ಣೆ, ಡೀಸೆಲ್, ಕೀಟನಾಶಕದ ಹತ್ತಿರ ಇಡಬೇಡಿ. ಎಣ್ಣೆಕಾಳು ವಾಸನೆಯನ್ನು ಬೇಗ ಹಿಡಿದುಕೊಳ್ಳುತ್ತದೆ. ಗ್ರೇಡರ್ ಚೀಲ ಬಿಚ್ಚಿದ ತಕ್ಷಣ ಮಾಡುವ ಮೊದಲ ಕೆಲಸವೇ ಮೂಸಿ ನೋಡುವುದು.

ಪ್ರಶ್ನೆ: ನಾನು ಪ್ರಯೋಗಾಲಯಕ್ಕೆ ಹೊಸಬ. ಕಾಳಿನ ನಡುವೆ ಕಪ್ಪಗೆ, ಉದ್ದವಾಗಿ, ಗಟ್ಟಿಯಾಗಿ ಏನೋ ಸಿಗುತ್ತದೆ. ಒಬ್ಬರು ಇಲಿ ಹಿಕ್ಕೆ ಅನ್ನುತ್ತಾರೆ, ಇನ್ನೊಬ್ಬರು ಬೂಷ್ಟಿನ ಗಂಟು ಅನ್ನುತ್ತಾರೆ. ಹೇಗೆ ಗುರುತಿಸುವುದು?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಶಹಬ್ಬಾಸ್. ಹೆಚ್ಚಿನವರು ಕೇಳದೆ 'ಇತರೆ ಕಸ' ಎಂದು ಬರೆದು ಮುಂದೆ ಹೋಗುತ್ತಾರೆ.

ಬೂಷ್ಟಿನ ಗಂಟು ಅಂದರೆ ಸ್ಕ್ಲೆರೋಟಿನಿಯಾ ಎಂಬ ಶಿಲೀಂಧ್ರದ ಗಂಟು, ಸ್ಕ್ಲೆರೋಷಿಯಾ. ಸೂರ್ಯಕಾಂತಿಯ ತಲೆ ಕೊಳೆತಾಗ ಕಾಳುಗಳ ಸಾಲಿನ ನಡುವೆಯೇ ಇದು ಬೆಳೆಯುತ್ತದೆ. ಹಾಗಾಗಿ ಅಳತೆಯಲ್ಲೂ ಬಣ್ಣದಲ್ಲೂ ಕಾಳಿನ ಹಾಗೇ ಇರುತ್ತದೆ, ಜರಡಿಗೂ ಮೋಸ ಮಾಡುತ್ತದೆ.

ಬಿಳಿ ಕಾಗದದ ಮೇಲೆ ಮೂರನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿ. ಕಾಳಿಗೆ ಒಂದು ತುದಿ ಚೂಪು, ಇನ್ನೊಂದು ಅಗಲ, ಮೈಮೇಲೆ ಉದ್ದಕ್ಕೆ ಸಣ್ಣ ಗೆರೆಗಳು, ಎರಡು ಬದಿಯಲ್ಲಿ ಅಂಚು. ಗಂಟಿಗೆ ಈ ಶಿಸ್ತು ಇಲ್ಲ. ಮೈ ಒರಟು, ಆಕಾರ ಅಂಕುಡೊಂಕು. ಹಿಕ್ಕೆಗೆ ತುದಿಗಳು ಸಪೂರವಾಗುತ್ತಾ ಹೋಗುತ್ತವೆ, ಇಲಿಯ ಸಣ್ಣ ಕೂದಲು ಅಂಟಿರುವುದೂ ಉಂಟು. ಸಂಶಯ ಇದ್ದರೆ ಬ್ಲೇಡಿನಿಂದ ಅಡ್ಡ ಕತ್ತರಿಸಿ. ಗಂಟು ಹೊರಗೆ ತೆಳುವಾದ ಕಪ್ಪು ತೊಗಟೆ, ಒಳಗೆ ಬಿಳಿ ಅಥವಾ ತುಸು ಗುಲಾಬಿ ಛಾಯೆಯ ಒತ್ತಾದ ತಿರುಳು. ಕಾಳಿನಲ್ಲಿ ಸಿಪ್ಪೆಗೂ ತಿರುಳಿಗೂ ನಡುವೆ ಸಂದಿ ಕಾಣುತ್ತದೆ, ಗಂಟಿನಲ್ಲಿ ಸಂದಿಯೇ ಇಲ್ಲ. ಹಿಕ್ಕೆ ಒಳಗೂ ಹೊರಗೂ ಒಂದೇ ಕಂದು ಕಪ್ಪು, ಒಣಗಿದ್ದರೆ ಪುಡಿಯಾಗುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಚಿಮುಟ ಬಳಸಿ.

ಎರಡನ್ನೂ ಬೇರೆ ಬೇರೆ ತೂಗಿ ಬರೆಯಿರಿ. ಹಿಕ್ಕೆ ಇದ್ದರೆ ಸಂಗ್ರಹದಲ್ಲಿ ತೊಂದರೆ ಇದೆ ಎಂದು ತಿಳಿಯುತ್ತದೆ. ಗಂಟು ಇದ್ದರೆ ಹೊಲದಲ್ಲಿ ರೋಗ ಇತ್ತು ಎಂದು. ಪರಿಹಾರ ಎರಡಕ್ಕೂ ಬೇರೆ, ಬೆಳೆದವರಿಗೆ ಆ ಸುದ್ದಿ ಬೇಕು. ಕೆಲಸ ಮುಗಿದ ಮೇಲೆ ಗಂಟುಗಳನ್ನು ತಿಪ್ಪೆಗೋ ತೋಟಕ್ಕೋ ಎಸೆಯಬೇಡಿ, ಸುಟ್ಟುಬಿಡಿ. ಮಣ್ಣಿನಲ್ಲಿ ಅವು ವರ್ಷಗಟ್ಟಲೆ ಬದುಕಿರುತ್ತವೆ. ಈ ಶಿಲೀಂಧ್ರ ಸೂರ್ಯಕಾಂತಿಗಷ್ಟೇ ಅಲ್ಲ, ನೂರಾರು ಜಾತಿಯ ಗಿಡಗಳಿಗೆ ಬರುತ್ತದೆ.

ಪ್ರಶ್ನೆ: ಹಾಳಾದ ಕಾಳು ನೋಡಲು 100 ಕಾಳು ಎಣಿಸಿ ಬಿಡಿಸಿದೆ, 3 ಹಾಳಾಗಿದ್ದವು. ನನ್ನ ಸಹೋದ್ಯೋಗಿ ಅದೇ ಸ್ಯಾಂಪಲ್‌ನಿಂದ 100 ಎಣಿಸಿದರು, 7 ಬಂತು. ಯಾರದು ಸರಿ?

ಉತ್ತರ: ಇಬ್ಬರದ್ದೂ ಸರಿ ಇರಬಹುದು, 100 ಎಂಬುದು ಕಡಿಮೆಯಾಯಿತು. ರಾಶಿಯಲ್ಲಿ ನಿಜವಾಗಿ ಶೇ. 5 ಹಾಳಾಗಿದೆ ಅಂದುಕೊಳ್ಳಿ. 100 ಕಾಳು ತೆಗೆದರೆ ಒಮ್ಮೆ 2 ಸಿಗಬಹುದು, ಒಮ್ಮೆ 8 ಸಿಗಬಹುದು. ಅದು ಬರೀ ಅದೃಷ್ಟದ ಆಟ, ಯಾರ ತಪ್ಪೂ ಅಲ್ಲ. 400 ಕಾಳು ನೋಡಿದರೆ ಫಲಿತಾಂಶ ಸಾಮಾನ್ಯವಾಗಿ ಶೇ. 3 ಮತ್ತು 7ರ ನಡುವೆ ನಿಲ್ಲುತ್ತದೆ. ಕಾಳಿನ ಸಂಖ್ಯೆ ನಾಲ್ಕು ಪಟ್ಟು ಮಾಡಿದರೆ ಏರುಪೇರು ಅರ್ಧಕ್ಕೆ ಇಳಿಯುತ್ತದೆ.

ಆ ಕಾಳನ್ನು ಹೇಗೆ ಆರಿಸಿದಿರಿ ಅನ್ನುವುದೂ ಮುಖ್ಯ. ತಟ್ಟೆಯಿಂದ ಬೆರಳಲ್ಲಿ ಒಂದೊಂದೇ ಹೆಕ್ಕಿದರೆ ಕಣ್ಣು ತನ್ನಷ್ಟಕ್ಕೆ ದುಂಡು ಕಾಳಿನ ಕಡೆ ಹೋಗುತ್ತದೆ. ಭಾಗಿಸುವ ಯಂತ್ರದಿಂದಲೇ ಸಣ್ಣ ಪಾಲು ತೆಗೆದು, ಅದರಲ್ಲಿರುವುದನ್ನೆಲ್ಲ ನೋಡಬೇಕು. ಇನ್ನೊಂದು ವಿಷಯ, ಗ್ರೇಡ್ ನಿಯಮಗಳು ಸಾಮಾನ್ಯವಾಗಿ ಕೇಳುವುದು ತೂಕದ ಶೇಕಡಾ. ಹಾಳಾದ ಕಾಳು ಹಗುರ. ಎಣಿಕೆಯಲ್ಲಿ ಶೇ. 5 ಬಂದದ್ದು ತೂಕದಲ್ಲಿ ಅದಕ್ಕಿಂತ ಕಡಿಮೆ ಬರುತ್ತದೆ. ಎರಡನ್ನೂ ಬೆರೆಸಬೇಡಿ.

ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಸರ್ಕಾರಿ ಮಾನದಂಡದಲ್ಲಿ ಮೊದಲ ದರ್ಜೆಯ ಸೂರ್ಯಕಾಂತಿಯಲ್ಲಿ ಒಟ್ಟು ಹಾಳಾದದ್ದು ಶೇ. 5 ಮೀರುವಂತಿಲ್ಲ, ಎರಡನೇ ದರ್ಜೆಗೆ ಶೇ. 10. ಬಿಸಿಗೆ ಕೆಟ್ಟದ್ದಕ್ಕೆ ಮಾತ್ರ ಕಟ್ಟುನಿಟ್ಟು: ಮೊದಲ ದರ್ಜೆಗೆ ಶೇ. 0.5, ಎರಡನೆಯದಕ್ಕೆ ಶೇ. 1. ಬಿಸಿಗೆ ಕೆಟ್ಟ ಕಾಳು ಹೊರಗಿನಿಂದ ಗೊತ್ತೇ ಆಗುವುದಿಲ್ಲ, ಸಿಪ್ಪೆ ಹೊಳೆಯುತ್ತಲೇ ಇರುತ್ತದೆ. ಸಿಪ್ಪೆ ಬಿಡಿಸಿ, ತಿರುಳನ್ನು ಉದ್ದಕ್ಕೆ ಸೀಳಿ ನೋಡಬೇಕು. ಒಳ್ಳೆಯ ತಿರುಳು ಕೆನೆ ಬಣ್ಣ. ಬಿಸಿ ತಾಗಿದ್ದು ಕಂದು, ಜಾಸ್ತಿ ತಾಗಿದ್ದು ಕಡು ಕಂದು. ಕಿಟಕಿಯ ಬೆಳಕಿನಲ್ಲಿ ನೋಡಿ, ಹಳದಿ ಬಲ್ಬಿನ ಕೆಳಗೆ ತುಸು ಕಂದಾದ ತಿರುಳೂ ಚೆನ್ನಾಗೇ ಕಾಣುತ್ತದೆ.

ಪ್ರಶ್ನೆ: ಸಿಪ್ಪೆ ಬಿಟ್ಟ ತಿರುಳು ಒಳ್ಳೆಯದೇ ತಾನೇ? ಎಣ್ಣೆ ಇರುವುದೇ ಅದರಲ್ಲಿ. ಅದನ್ನೇಕೆ ದೋಷ ಅನ್ನುತ್ತಾರೆ?

ಉತ್ತರ: ಅವತ್ತೇ ಗಾಣಕ್ಕೆ ಹಾಕುವುದಾದರೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಸಿಪ್ಪೆ ಇಲ್ಲದ ತಿರುಳು ಹೆಚ್ಚು ದಿನ ತಡೆಯುವುದಿಲ್ಲ. ಗಾಯಗೊಂಡ ತಿರುಳಿನಲ್ಲಿ ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಒಡೆದು ಆಮ್ಲ ಮಾಡುತ್ತದೆ, ಗಾಳಿ ತಾಗಿ ಕಮಟು ಬರುತ್ತದೆ. ನಾನು ಹೇಳಿದ ಆ ಮಾನದಂಡದಲ್ಲಿ ಎರಡೂ ದರ್ಜೆಗೆ ಇದರ ಮಿತಿ ಶೇ. 5. ಸ್ಯಾಂಪಲ್ ಅನ್ನು ಎತ್ತರದಿಂದ ಸುರಿಯಬೇಡಿ, ಮೂಟೆಗಳ ಕೆಳಗೆ ಇಡಬೇಡಿ.

ಪ್ರಶ್ನೆ: ಖಾಲಿ ಕಾಳು, ಅಂದರೆ ಜೊಳ್ಳು, ತಿಳಿಯಲು ನೀರಿಗೆ ಹಾಕಿ ತೇಲುವುದನ್ನು ತೆಗೆಯಬಹುದೇ?

ಉತ್ತರ: ಬೇಡ. ಸೂರ್ಯಕಾಂತಿಯಲ್ಲಿ ತುಂಬಿದ ಕಾಳೂ ತೇಲುತ್ತದೆ. ನೀರು ತಾಗಿದ ಸ್ಯಾಂಪಲ್ ಬೇರೆ ಯಾವ ಪರೀಕ್ಷೆಗೂ ಬರುವುದಿಲ್ಲ. ಬೆರಳಿನಿಂದ ಒತ್ತಿ ನೋಡಿ. ಜೊಳ್ಳು ಬಗ್ಗುತ್ತದೆ, ತುಂಬಿದ್ದು ಎದುರು ನಿಲ್ಲುತ್ತದೆ. ಜೊಳ್ಳು ಜಾಸ್ತಿ ಇದ್ದರೆ ಅಳತೆ ಪಾತ್ರೆ ತುಂಬಿದ ಕಾಳಿನ ತೂಕವೇ ಹೇಳುತ್ತದೆ, ಅದು ಕಡಿಮೆ ಬರುತ್ತದೆ. ಆ ತೂಕ ತೆಗೆಯುವಾಗ ಪಾತ್ರೆ ತಟ್ಟಬಾರದು, ಕುಲುಕಬಾರದು. ನಿಗದಿ ಎತ್ತರದ ಆಲಿಕೆಯಿಂದ ಸುರಿದು, ನೇರ ಪಟ್ಟಿಯಿಂದ ಅಂಕುಡೊಂಕಾಗಿ ಎಳೆದು ಮೇಲ್ಮೈ ಸಮ ಮಾಡಿ. ಕಸ ತೆಗೆಯುವ ಮೊದಲು ತೂಗಿದಿರೋ ಆಮೇಲೋ ಎಂದು ಬರೆದಿಡಿ.

ಪ್ರಶ್ನೆ: ಒಂದೇ ಸ್ಯಾಂಪಲ್ ಎರಡು ಕಡೆ ಕೊಟ್ಟೆವು. ಎಣ್ಣೆ ಒಂದರಲ್ಲಿ ಶೇ. 40, ಇನ್ನೊಂದರಲ್ಲಿ ಶೇ. 43.5. ಶೇ. 3.5 ವ್ಯತ್ಯಾಸ ಅಂದರೆ ಚಿಕ್ಕದಲ್ಲ. ಯಾರನ್ನು ನಂಬುವುದು?

ಉತ್ತರ: ವರದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ನೋಡಿ. ಒಬ್ಬರು 'ಬಂದ ಹಾಗೆ' ಎಂದೂ ಇನ್ನೊಬ್ಬರು 'ಒಣ ಲೆಕ್ಕದಲ್ಲಿ' ಎಂದೂ ಬರೆದಿರಬಹುದು. ಕಾಳಿನ ತೇವಾಂಶ ಶೇ. 8 ಇದ್ದರೆ 100 ಗ್ರಾಂನಲ್ಲಿ 92 ಗ್ರಾಂ ಒಣ ಪದಾರ್ಥ. 40 ಅನ್ನು 0.92ರಿಂದ ಭಾಗಿಸಿದರೆ 43.5. ಇಬ್ಬರೂ ಅದೇ ಎಣ್ಣೆಯನ್ನೇ ಕಂಡಿದ್ದಾರೆ. ಅದೇ ಕಾಳು ಶೇ. 10 ತೇವದಲ್ಲಿ ಇದ್ದಿದ್ದರೆ 'ಬಂದ ಹಾಗೆ' ಎಂಬ ಲೆಕ್ಕ ಶೇ. 39.1 ಆಗುತ್ತಿತ್ತು. ಕಸ ತೆಗೆದು ಪರೀಕ್ಷಿಸಿದರೇ ಕಸದ ಸಮೇತವೇ ಎಂಬುದನ್ನೂ ಕೇಳಿ. ತೇವಾಂಶ ಬರೆಯದ ಎಣ್ಣೆಯ ವರದಿಯನ್ನು ನಾನು ಅರ್ಧ ವರದಿ ಎಂದೇ ಹೇಳುತ್ತೇನೆ.

ಲೆಕ್ಕ ಸರಿ ಇದ್ದೂ ವ್ಯತ್ಯಾಸ ಉಳಿದರೆ ಪುಡಿ ಮಾಡಿದ ರೀತಿಯನ್ನು ವಿಚಾರಿಸಿ. ಎಣ್ಣೆ ಬಿಡುವ ಕಾಳನ್ನು ಮಿಲ್‌ನಲ್ಲಿ ಜೋರಾಗಿ ಓಡಿಸಿದರೆ ಬಿಸಿಯಾಗಿ, ಎಣ್ಣೆ ಮಿಲ್‌ನ ಗೋಡೆಗೇ ಅಂಟುತ್ತದೆ. ಸಿಪ್ಪೆ ಚೂರಾಗದೆ ಹಿಂದೆ ಉಳಿಯುತ್ತದೆ. ಮೊದಲು ಅದೇ ಸ್ಯಾಂಪಲ್‌ನ ಸ್ವಲ್ಪ ಕಾಳು ಓಡಿಸಿ ಅದನ್ನು ಎಸೆಯಬೇಕು, ಆಮೇಲೆ ನಿಜವಾದ ಪಾಲು ಹಾಕಬೇಕು. ತೇವ ಶೇ. 10 ಮೀರಿದ್ದರೆ ಮೊದಲು 80 ಡಿಗ್ರಿ ಮೀರದಂತೆ ಒಣಗಿಸಬೇಕು. ಹೆಕ್ಸೇನ್ ಎಂಬ ದ್ರಾವಕದಲ್ಲಿ ಎಣ್ಣೆ ತೆಗೆಯುವ ಐಎಸ್‌ಒ 659 ವಿಧಾನದಲ್ಲಿ 4 ಗಂಟೆ ತೆಗೆದು, ಮತ್ತೆ ಅರೆದು 2 ಗಂಟೆ, ಮತ್ತೊಮ್ಮೆ ಅರೆದು 2 ಗಂಟೆ ತೆಗೆಯುತ್ತಾರೆ. ಮೊದಲ 4 ಗಂಟೆಗೇ ನಿಲ್ಲಿಸಿದವರಿಗೆ ಕಡಿಮೆ ಎಣ್ಣೆ ಬಂದರೆ ಅದು ಕಾಳಿನ ತಪ್ಪಲ್ಲ.

ಪ್ರಶ್ನೆ: ಗ್ರೇಡಿಂಗ್‌ಗೆ ಕಳಿಸಿದ ಸ್ಯಾಂಪಲ್‌ನಲ್ಲೇ ಮೊಳಕೆ ಪರೀಕ್ಷೆಯನ್ನೂ ಮಾಡಿಸಬಹುದೇ?

ಉತ್ತರ: ಬಿಸಿ ಮಾಡದ, ಬಿಡಿಸದ ಪಾಲು ಉಳಿದಿದ್ದರೆ ಮಾಡಬಹುದು. ಬಿತ್ತನೆಗೆ ಅಧಿಕೃತ ವರದಿ ಬೇಕಿದ್ದರೆ ಬೇರೆಯೇ ಕಳಿಸಿ. ಇಸ್ಟಾ ಪ್ರಕಾರ ಸೂರ್ಯಕಾಂತಿಯ ಒಂದು ಲಾಟ್, ಅಂದರೆ ಒಂದೇ ಗುರುತಿನ ರಾಶಿ, 25,000 ಕಿಲೋ ಮೀರಬಾರದು, ಕಳಿಸುವ ಸ್ಯಾಂಪಲ್ 1,000 ಗ್ರಾಂ ಇರಬೇಕು. ಹೊಸದಾಗಿ ಕೊಯ್ದ ಕಾಳು ಮೊಳಕೆ ಒಡೆಯದಿದ್ದರೆ ಸತ್ತಿದೆ ಎಂದು ತಿಳಿಯಬೇಡಿ, ಸುಪ್ತವಾಗಿರಬಹುದು. ಆ ನಿದ್ದೆ ಬಿಡಿಸಲು ಎಥೆಫಾನ್ ಎಂಬ ರಾಸಾಯನಿಕ ಬಳಸುತ್ತಾರೆ.

ಪ್ರಶ್ನೆ: ಉಳಿದ ಸ್ಯಾಂಪಲ್ ಅನ್ನು ಎಸೆಯಬಹುದೇ? ಜಾಗ ಇಲ್ಲ, ಇಲಿ ಬರುತ್ತದೆ.

ಉತ್ತರ: ಲೆಕ್ಕ ಪೂರ್ತಿ ಚುಕ್ತಾ ಆಗುವವರೆಗೆ, ತಕರಾರು ಎತ್ತುವ ಅವಧಿ ಮುಗಿಯುವವರೆಗೆ ಎಸೆಯಬೇಡಿ. ಶುರುವಿನಲ್ಲೇ ಸ್ಯಾಂಪಲ್ ಅನ್ನು ಯಂತ್ರದಲ್ಲಿ ಮೂರು ಪಾಲು ಮಾಡುವುದು ಒಳ್ಳೆಯದು: ಒಂದು ಪರೀಕ್ಷೆಗೆ, ಒಂದು ಮಾರುವವರಿಗೆ, ಒಂದು ಕೊಳ್ಳುವವರಿಗೆ. ಮೂರಕ್ಕೂ ಒಂದೇ ಮೊಹರು, ಇಬ್ಬರ ಸಹಿ. ಇಲಿಗೆ ಮುಚ್ಚಳ ಬಿಗಿಯಾದ ತಗಡಿನ ಡಬ್ಬಿ ಸಾಕು. ಡಬ್ಬಿಗೆ ಹಾಕುವ ಮೊದಲು ಕಾಳು ಶೇ. 8ರ ಸುಮಾರಿಗೆ ಒಣಗಿರಲಿ. ಹಾಗೆ ಒಣಗಿಸಿದ್ದರೆ ಮೊದಲಿದ್ದ ತೇವಾಂಶ ಎಷ್ಟು ಎಂದು ಚೀಟಿಯಲ್ಲಿ ಬರೆಯಿರಿ. ಲಾಟ್ ಸಂಖ್ಯೆ, ಒಟ್ಟು ಚೀಲ, ಎಷ್ಟರಿಂದ ತೆಗೆದದ್ದು, ತಾರೀಕು, ತೆಗೆದವರ ಹೆಸರು ಇಷ್ಟೂ ಆ ಚೀಟಿಯಲ್ಲಿರಲಿ. ಚೀಟಿ ಒಂದು ಒಳಗೆ, ಒಂದು ಹೊರಗೆ. ಒಳಗಿನದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಕಾಳಿನ ಎಣ್ಣೆ ತಾಗಿದರೆ ಪೆನ್ನಿನ ಶಾಯಿ ಹರಡಿಹೋಗುತ್ತದೆ.